ಅತ್ತಿಗೆ ಆರಿಸಿದ ಅಡುಗೆ

೮ ಡಿಸೆಂಬರ್ ೨೦೨೪, ಭಾನುವಾರ. ಮುಂಜಾನೆ ದಟ್ಟ ಮಂಜು. ನಿಡುಗಲ್ಲಿನ ಬೆಟ್ಟ ಎಂಟು ಗಂಟೆಯ ತನಕ ಕಾಣಲಿಲ್ಲ. ಆಮೇಲೆ ಎಳೆಬಿಸಿಲು, ಗಾಳಿಯಿಲ್ಲ. ಚಂಡಮಾರುತದ ಮಳೆಯಲ್ಲಿ ನೆನೆದ ರಾಗಿಹುಲ್ಲು ಇನ್ನೂ ಪೂರ್ತಿ ಒಣಗಿಲ್ಲ.

ಇಂದು ನನ್ನ ಅತ್ತಿಗೆ ಪಟಾಲಮ್ಮ, ತಮ್ಮ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ತಾವೇ ಆರಿಸಿದ ಅಡುಗೆಯೊಂದನ್ನು ಮಾಡಿ ಬಡಿಸಿದರು. ಅದು ಥಾಯ್ಲೆಂಡಿನ ಅಡುಗೆ. ಉಂಡವರೂ ಥಾಯ್ಲೆಂಡಿನವರೇ. ನಡೆದದ್ದನ್ನು ಕ್ರಮವಾಗಿ ಬರೆಯಬೇಕೆಂದು ಕುಳಿತಿದ್ದೇನೆ; ಮನಸ್ಸು ಮಾತ್ರ ಪದೇ ಪದೇ ಕೊನೆಯ ಭಾಗಕ್ಕೇ ಓಡುತ್ತಿದೆ.

ಮೊದಲು ಅತ್ತಿಗೆಯ ವಿಷಯ. ಅವರು ಕೊಳಾಲದ ಕಡೆಯವರು. ನನ್ನ ಅಣ್ಣ ಅಶ್ವತ್ಥನನ್ನು ಮದುವೆಯಾಗಿ ಪಾವಗಡ ತಾಲ್ಲೂಕಿನ ಈ ಊರಿಗೆ ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಇಪ್ಪತ್ತು ವರ್ಷಕ್ಕೂ ಮೀರಿ ಅವರು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಾರೆ, ಈಗ ಮುಖ್ಯ ಅಡುಗೆಯವರು. ಸೇರಿದ ಮೊದಲ ತಿಂಗಳು ಅರ್ಧ ಮಕ್ಕಳು ಮನೆಯಿಂದಲೇ ಬುತ್ತಿ ತಂದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕೇರಿ ಯಾವುದೆಂದು ಊರಿಗೆ ಗೊತ್ತಿದ್ದುದರಿಂದ ಹೇಳುವ ಅಗತ್ಯವೂ ಇರಲಿಲ್ಲ. ಅತ್ತಿಗೆ ಪ್ರತಿದಿನವೂ ಎಲ್ಲ ಮಕ್ಕಳಿಗೆ ಆಗುವಷ್ಟೇ ಬೇಯಿಸಿದರು. ಒಂದೊಂದಾಗಿ ಬುತ್ತಿಗಳು ನಿಂತವು. ಆ ತಿಂಗಳ ಬಗ್ಗೆ ಕೇಳಿದರೆ ಅವರು ಈಗಲೂ ಹೇಳುವುದು ಇಷ್ಟೇ: “ಹೊಟ್ಟೆ ಹಸಿದ್ರೆ ಬರ್ತಾವೆ ಬುಡು, ಮಕ್ಕಳಲ್ವಾ.”

ಶಾಲೆಯಲ್ಲಿ ಯಾವ ದಿನ ಏನು ಎಂಬುದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದೆ. ಮನೆಯಲ್ಲಿ ಗೋಡೆಯ ಕೆಲಸವನ್ನು ನನ್ನ ಅಪ್ಪ ದೊಡ್ಡರಂಗಯ್ಯ ಮಾಡುತ್ತಾರೆ. ಎಂಬತ್ತು ದಾಟಿದ ಅವರು ಬೆಳಿಗ್ಗೆ ಎದ್ದು, “ಇವತ್ತು ಹುಳ್ಳಿಕಟ್ಟಿನ ಸಾರು ಮಾಡವ್ವ” ಎಂದರೆ ಅಂದು ಹುರುಳಿಕಟ್ಟಿನ ಸಾರು. ಹೀಗಾಗಿ ಸಾವಿರಾರು ಊಟ ಮಾಡಿಹಾಕಿದ ಈ ಹೆಂಗಸಿಗೆ, ಏನು ಮಾಡಬೇಕೆಂದು ತಾನೇ ತೀರ್ಮಾನಿಸುವ ಸಂದರ್ಭ ಬಂದೇ ಇರಲಿಲ್ಲ.

ಅದು ಬಂದದ್ದು ಕಳೆದ ತಿಂಗಳ ಕೊನೆಯ ಭಾನುವಾರ. ನಮ್ಮ ಮನೆಯ ಪಕ್ಕದಲ್ಲೇ ಇರುವ ಪುಟ್ಟ ಬುದ್ಧ ವಿಹಾರಕ್ಕೆ ಥಾಯ್ಲೆಂಡಿನಿಂದ ಒಂದು ಮೂರ್ತಿ ಬರುವುದೆಂದೂ, ಯಾತ್ರೆಗೆ ಬಂದಿರುವ ಅಲ್ಲಿನ ಭಿಕ್ಷುವೊಬ್ಬರು ತಾವೇ ಬಂದು ಅದನ್ನು ಸ್ಥಾಪಿಸುವರೆಂದೂ ವಿಹಾರ ಸಮಿತಿಯ ಕಾರ್ಯದರ್ಶಿ ಮುತ್ತುರಾಜ್ ಸುದ್ದಿ ತಂದರು. ಅತಿ ಹತ್ತಿರದ ಮನೆ ನಮ್ಮದಾದ್ದರಿಂದ ಅಂದಿನ ಭೋಜನ ದಾನ ನಮ್ಮಲ್ಲೇ. ನಿಯಮಗಳನ್ನೂ ಮುತ್ತುರಾಜ್ ತಿಳಿಸಿದರು: ಮಧ್ಯಾಹ್ನ ಹನ್ನೆರಡರ ಒಳಗೆ ಊಟ ಮುಗಿಯಬೇಕು, ಆಮೇಲೆ ಭಂತೇಜಿ, ಎಂದರೆ ಆ ಭಿಕ್ಷು, ಏನನ್ನೂ ತಿನ್ನುವುದಿಲ್ಲ; ಕೊಟ್ಟದ್ದನ್ನು ಸ್ವೀಕರಿಸುತ್ತಾರೆ, ಇಂಥದ್ದು ಬೇಕೆಂದು ಕೇಳುವುದಿಲ್ಲ; ವಿಹಾರದ ಕಾರ್ಯಕ್ರಮವಾದ್ದರಿಂದ ಅಡುಗೆ ತರಕಾರಿಯದೇ ಆಗಬೇಕು.

“ಮುದ್ದೆ, ಅವರೆಕಾಳು ಸಾರು, ಅನ್ನ, ಪಾಯಸ,” ಎಂದು ಅಪ್ಪ ಅಲ್ಲೇ ತೀರ್ಪು ಕೊಟ್ಟರು.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸಿಲಲ್ಲಿ ನಿಂತಿದ್ದರು. “ಅವರೂರಾಗೆ ಏನ್ ಉಣ್ತಾರಪ್ಪ, ಮುತ್ತುರಾಜ?”

“ನಾವೇನ್ ಕೊಟ್ರೂ ಉಣ್ತಾರಕ್ಕ. ಇಂಥದ್ದೇ ಬೇಕು ಅನ್ನಂಗಿಲ್ಲ ಅವರು.”

“ಅವರು ಅನ್ನಂಗಿಲ್ಲ. ನಾನು ಅನ್ನಬೌದಲ್ಲ.”

ಅತ್ತಿಗೆ ಮುಂದುವರಿಸಿದರು: “ಮಾವ ಹೇಳಿದ್ದೆಲ್ಲ ಮಾಡ್ತೀನಿ. ಅದರ ಜೊತೆಗೆ ಒಂದೇ ಒಂದು, ನಾನ್ ಆರಿಸಿದ್ದು. ಅಷ್ಟ್ ದೂರದಿಂದ ಬರೋರು, ಬಾಯಿಗಿಟ್ರೆ ನಮ್ಮೂರ್ದು ಅನ್ನಬೇಕು ಅವರು.”

ಅತ್ತಿಗೆಯ ಮಗಳು ಸುನಿತಾ ಮಧುಗಿರಿಯಲ್ಲಿ ನನ್ನ ಮನೆಯಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದಾಳೆ. ಆ ಭಾನುವಾರ ಅವಳು ಮೊಬೈಲಿನಲ್ಲಿ ಹುಡುಕಿ ಒಂದು ವಿಡಿಯೊ ತೋರಿಸಿದಳು. ರಸ್ತೆಬದಿಯ ದೊಡ್ಡ ಛತ್ರಿಯ ಕೆಳಗೆ ಒಬ್ಬಾಕೆ ಕುಳಿತು, ಎಳೆ ಎಳೆಯಾಗಿ ಕೊಚ್ಚಿದ ಹಸಿ ಪರಂಗಿಕಾಯಿಯನ್ನು ಏನೇನೋ ಹಾಕಿ ಕುಟ್ಟುತ್ತಿದ್ದಳು. ಅತ್ತಿಗೆ ಮೊಬೈಲನ್ನು ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದರು.

“ಲೇ ಸುನಿ, ಒಳ್ಳು ಐತೆ ಕಣೇ ಅವಳತ್ರ! ಒನಕೆನೂ ಐತೆ! ಇದೇನಿದು ಹಾಕಿದ್ದು?”

“ಬೆಲ್ಲ ಕಣಮ್ಮ. ಅವರೂರಿನ ತಾಳೆಬೆಲ್ಲ.”

“ಇದು?”

“ಹುಣಸೆಹಣ್ಣಿನ ರಸ.”

“ಇದು ಕಡ್ಲೆಬೀಜ, ನೀನ್ ಹೇಳಬೇಡ, ನಂಗೊತ್ತು. ಹುರಿದು ಸಿಪ್ಪೆ ತೆಗೆದವಳೆ. ನಿಂಬೆಹಣ್ಣು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ... ಅಯ್ಯೋ ಇವಳ! ಎಲ್ಲಾ ನಮ್ಮನೇದೇ ತಗೊಂಡೋಗಿ ಹಾಕ್ತಾವ್ಳೆ!”

ನಾನು ಅತ್ತಿಗೆಯ ಮುಖವನ್ನು ನೋಡುತ್ತಿದ್ದೆ. ಹಬ್ಬದ ಹಿಂದಿನ ದಿನ ಹೊಸ ಬಟ್ಟೆ ಕಂಡ ಮಗುವಿನ ಮುಖ ಅದು. ಕಡಲೆಕಾಯಿ ಕಿತ್ತು ಒಣಗಿಸಿ ಮೂಟೆ ಕಟ್ಟಿ ಒಂದು ತಿಂಗಳೂ ಆಗಿರಲಿಲ್ಲ; ಹುಣಸೆಹಣ್ಣು ಗಡಿಗೆಯ ತುಂಬ ಇತ್ತು; ನಿಂಬೆಗಿಡ ಹಿತ್ತಲಲ್ಲೇ. ಇಲ್ಲದ್ದು ಎರಡೇ. ಒಂದು ಹಸಿ ಪರಂಗಿಕಾಯಿ, ಇನ್ನೊಂದು ಆಕೆ ಬಾಟಲಿಯಿಂದ ಸುರಿದ ಕಂದು ಬಣ್ಣದ ರಸ. ಅದು ಮೀನಿನದೆಂದೂ, ಮೀನು ಬೇಡವೆನ್ನುವವರು ಸೋಯಾ ಸಾಸ್ ಹಾಕುತ್ತಾರೆಂದೂ ಸುನಿತಾ ಓದಿ ಹೇಳಿದಳು.

ಮುಂದಿನ ಭಾನುವಾರ, ಡಿಸೆಂಬರ್ ಒಂದರಂದು, ಮಳೆಯ ನಡುವೆ ಮೊದಲ ಪ್ರಯೋಗ. ಪರಂಗಿಕಾಯಿ ಪಕ್ಕದ ಮನೆಯ ಮರದ್ದು, ಒಂದೇ ಒಂದು. ಸೋಯಾ ಸಾಸಿನ ಬಾಟಲಿಯನ್ನು ಸುನಿತಾ ಮಧುಗಿರಿಯಿಂದ ತಂದಿದ್ದಳು. ಅತ್ತಿಗೆ ಮುಚ್ಚಳ ತೆಗೆದು ಮೂಸಿದರು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದರು.

“ಹುಳ್ಳಿಕಟ್ಟನ್ನ ಇಂಗಿಸಿ ಬಾಟ್ಲಿಗೆ ಹಾಕವ್ರೆ ಕಣಮ್ಮಿ, ಅಷ್ಟೆ. ಉಪ್ಪು ಒಂದ್ ಹಿಡಿ ಜಾಸ್ತಿ.”

ಅರ್ಧ ಕಾಯಿಯನ್ನು ಈಳಿಗೆಮಣೆಯಲ್ಲಿ ಸಣ್ಣಗೆ ಹೆಚ್ಚಿದರು. ಬೆಳ್ಳುಳ್ಳಿ, ಮೆಣಸಿನಕಾಯಿ, ಬೆಲ್ಲವನ್ನು ಒರಳಿಗೆ ಹಾಕಿ ಕುಟ್ಟಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಆಮೇಲೆ ಕಾಯಿಯನ್ನು ಹಾಕಿ ಒನಕೆ ಎತ್ತಿದರು, ನೋಡಿ, ಮೂವತ್ತು ವರ್ಷದ ಅಭ್ಯಾಸ ಕೈಯನ್ನು ವಶಕ್ಕೆ ತೆಗೆದುಕೊಂಡಿತು. ನಾನೂ ಸುನಿತಾಳೂ “ಸಾಕು, ಸಾಕು” ಎನ್ನುವಷ್ಟರಲ್ಲಿ ಒರಳಿನಲ್ಲಿದ್ದದ್ದು ಚಟ್ನಿಯಾಗಿತ್ತು. ಅಪ್ಪ ಅದನ್ನು ಮುದ್ದೆಯ ಪಕ್ಕಕ್ಕೆ ಹಾಕಿಸಿಕೊಂಡು ಪೂರ್ತಿ ಉಂಡರು.

“ಚೆನ್ನಾಗೈತೆ ಕಣಮ್ಮ ನಿನ್ ಥಾಯ್ಲೆಂಡು. ನಾಳೆಗೂ ಒಸಿ ಇಟ್ಟಿರು.”

“ಇದು ಥಾಯ್ಲೆಂಡಲ್ಲ ಮಾವ, ಚಟ್ನಿ. ಸುಮ್ನೆ ಉಣ್ಣಿ.”

ಉಳಿದ ಅರ್ಧ ಕಾಯಿಯಲ್ಲಿ ಎರಡನೆಯ ಪ್ರಯೋಗ. ಈ ಸಲ ಅತ್ತಿಗೆ ಒನಕೆಯನ್ನು ಬದಿಗಿಟ್ಟು ಕಿರುಗುಂಡಿನಂಥ ಒಂದು ಕಲ್ಲನ್ನು ತೆಗೆದುಕೊಂಡರು. ಒಂದು ಕೈಯಲ್ಲಿ ಸೌಟಿನಿಂದ ಕೆಳಗಿನದನ್ನು ಮೇಲಕ್ಕೆ ಮಗುಚುವುದು, ಇನ್ನೊಂದು ಕೈಯಲ್ಲಿ ಮೆಲ್ಲಗೆ ತಟ್ಟುವುದು. ಎಳೆಗಳು ಮುರಿಯದೆ ಬರಿದೆ ಮೆತ್ತಗಾಗಿ ರಸ ಕುಡಿಯುವಷ್ಟು. “ಜಜ್ಜೋದಲ್ಲ, ನೋಯಿಸೋದು,” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಮ್ಮ ಕೋಸಂಬರಿಗೆ ಉಪ್ಪನ್ನು ಕೊನೆಗೆ ಹಾಕುವಂತೆ ಇದಕ್ಕೂ ರಸವೆಲ್ಲ ಬಡಿಸುವ ಹೊತ್ತಿಗೇ ಬೀಳಬೇಕು, ಇಲ್ಲವಾದರೆ ನೀರೊಡೆಯುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಲಿಲ್ಲ. ಕಡೆಗೆ ಹುರಿದ ಕಡಲೆಬೀಜ ಉದುರಿಸಿ ನನ್ನ ಬಾಯಿಗೂ ಸುನಿತಾಳ ಬಾಯಿಗೂ ಒಂದೊಂದು ತುತ್ತು ಹಾಕಿದರು. ಮೊದಲು ಹುಳಿ, ಹಿಂದೆಯೇ ಬೆಲ್ಲ, ಅದರ ಬೆನ್ನಿಗೆ ಖಾರ. ಹಲ್ಲಿಗೆ ಕರುಂ ಎನ್ನುವ ಕಾಯಿ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರಣವಿಲ್ಲದೆ ನಕ್ಕೆವು. ಥಾಯ್ಲೆಂಡು ನಮ್ಮ ಹಿತ್ತಲಿಗೆ ಬಂದಿತ್ತು.

ತಕರಾರು ಬಂದದ್ದು ಅಪ್ಪನಿಂದ.

“ಒಗ್ಗರಣೆ ಎಲ್ಲಮ್ಮ?”

“ಇದಕ್ಕೆ ಒಗ್ಗರಣೆ ಇಲ್ಲ ಮಾವ.”

“ಇಲ್ಲ ಅಂದ್ರೆ?” ಅಪ್ಪ ತಟ್ಟೆಯನ್ನು ಕೆಳಗಿಟ್ಟರು. “ಒಗ್ಗರಣೆ ಚುಂಯ್ ಅನ್ನದಿರೋದು ಸಾವಾದ ಮನೇಲಿ ಕಣಮ್ಮ. ಬುದ್ಧ ಭಗವಾನರ ಮೂರ್ತಿ ಬರೋ ದಿನ, ಆ ಸ್ವಾಮಿಗೆ ಸೂತಕದ ಕೂಳು ಇಕ್ತೀಯಾ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡಾಗ ಅಪ್ಪ ಬಿಟ್ಟದ್ದು ಬಹಳ. ಆದರೆ ಸಾವಿನ ಮನೆಯಲ್ಲಿ ಒಗ್ಗರಣೆ ಹಾಕಬಾರದೆಂಬುದನ್ನು ಯಾರೂ ಬಿಡಲು ಹೇಳಿರಲಿಲ್ಲವಾದ್ದರಿಂದ ಅದು ಉಳಿದುಕೊಂಡಿತ್ತು. ಅತ್ತಿಗೆ ವಾದಕ್ಕೆ ಹೋಗಲಿಲ್ಲ.

“ಅವತ್ತು ಅವರೆಕಾಳು ಸಾರಿಗೆ ಎರಡು ಸಲ ಒಗ್ಗರಣೆ ಹಾಕ್ತೀನಿ ಮಾವ. ಒಂದು ಸಾರಿಂದು, ಒಂದು ಇದರ ಪಾಲಿಂದು. ಕೇರಿಗೆಲ್ಲ ಕೇಳಂಗೆ ಹಾಕ್ತೀನಿ.”

ಅದಕ್ಕೆ ಅಪ್ಪ ಒಪ್ಪಿದರು. ಆದರೆ ಹಸಿಕಾಯಿಯ ವಿಷಯ ಅವರ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತೆಂದು ನಮಗೆ ಗೊತ್ತಾದದ್ದು ಇಂದು ಬೆಳಿಗ್ಗೆ.

ಬುಧವಾರ ಅಣ್ಣ ಪಾವಗಡದಿಂದ ನಾಲ್ಕು ಬಲಿತ ಪರಂಗಿಕಾಯಿ ತಂದಿದ್ದ. ಅತ್ತಿಗೆ ಅವನ್ನು ಒಳಕೋಣೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟಿದ್ದರು. ಆಮೇಲೆ ಶಾಲೆ, ಸಂಜೆ ವಿಹಾರಕ್ಕೆ ಸುಣ್ಣ ಬಳಿಯುವ ಕೆಲಸ. ಬುಟ್ಟಿ ಎತ್ತಿ ನೋಡಲು ಪುರುಸೊತ್ತಿರಲಿಲ್ಲ. ನಾನೂ ಸುನಿತಾಳೂ ನಿನ್ನೆ ಸಂಜೆಯ ಬಸ್ಸಿಗೆ ಬಂದೆವು. ಇಂದು ಬೆಳಕು ಹರಿಯುವಾಗ ಒಳಕೋಣೆಯಿಂದ ಅತ್ತಿಗೆಯ ಕೂಗು ಕೇಳಿ ಎದ್ದೆ.

“ಪರಂಗಿಕಾಯಿ ಎಲ್ಲಿ? ಸುನೀ! ಕಾಯಿ ಎಲ್ಲೇ?”

ಬುಟ್ಟಿ ಬೋರಲಾಗಿತ್ತು, ಕೆಳಗೆ ಏನೂ ಇರಲಿಲ್ಲ. ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ ಅಪ್ಪ ನಿಧಾನವಾಗಿ ಹೇಳಿದರು: “ಎಲ್ಲೂ ಹೋಗಿಲ್ಲ ಕಣಮ್ಮ, ಗಾಬರಿ ಬೀಳಬೇಡ. ಬೆಚ್ಚಗೆ ಮಲಗವೆ.”

ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕದಲ್ಲಿ ಒಣಹುಲ್ಲಿನ ಒಂದು ಗೂಡು. ಹುಲ್ಲು ಸರಿಸಿದರೆ ನಾಲ್ಕೂ ಪರಂಗಿ ಅರಿಸಿನದ ಬಣ್ಣಕ್ಕೆ ತಿರುಗಿ ಘಮ್ಮೆನ್ನುತ್ತಿದ್ದವು. ಹಾಲು ಇಳಿದುಹೋಗಲೆಂದು ಅಪ್ಪ ಒಂದೊಂದಕ್ಕೂ ಚಾಕುವಿನಿಂದ ನೀಟಾಗಿ ಗೀರು ಹಾಕಿ, ಗುರುವಾರವೇ ಹಣ್ಣಿಗೆ ಹಾಕಿದ್ದರು. ಮಾವಿನಕಾಯಿಯೋ ಸೀತಾಫಲವೋ, ಕಾಯಿ ಕಂಡರೆ ಹುಲ್ಲಿನಲ್ಲಿಡುವುದು ಅವರ ಜೀವಮಾನದ ಕೆಲಸ.

“ಬಂದೋರಿಗೆ ಕಾಯಿ ಕೊಡ್ತಾರೇನಮ್ಮ ಯಾರಾದ್ರೂ? ನೀನು ಗಡಿಬಿಡೀಲಿ ಹಣ್ಣಿಗಾಕೋದು ಮರ್ತಿದ್ದೆ. ನಾನೇ ಹಾಕ್ದೆ. ನೋಡು, ಎಂಗೆ ಬಂದವೆ!”

ಅತ್ತಿಗೆ ಹುಲ್ಲಿನ ಪಕ್ಕ ಕುಳಿತರು. ಬೈಯಲಿಲ್ಲ. ಹಣ್ಣನ್ನು ಒತ್ತಿ ನೋಡಿದರು. ಬೆರಳು ಒಳಗೆ ಹೋಯಿತು. ಸುನಿತಾಳ ಕಣ್ಣಲ್ಲಿ ನೀರು. “ಹೋಗ್ಲಿ ಬುಡಮ್ಮ, ಮುದ್ದೆ ಸಾರು ಐತಲ್ಲ” ಎಂದು ಅಣ್ಣ ಯಾಕಾದರೂ ಹೇಳಿದನೋ. ಅತ್ತಿಗೆ ಅವನನ್ನು ನೋಡಿದ ನೋಟಕ್ಕೆ ಅವನು ದನಗಳಿಗೆ ನೀರು ಕುಡಿಸುವ ನೆಪದಲ್ಲಿ ಹಿತ್ತಲಿಗೆ ಹೋದ. ಭಾನುವಾರ ಬೆಳಿಗ್ಗೆ ಪಾವಗಡಕ್ಕೆ ಹೋಗಿ ಹಸಿ ಪರಂಗಿ ಹುಡುಕಿ ತಂದು ಹನ್ನೆರಡರ ಒಳಗೆ ಮುಗಿಸುವುದು ಆಗದ ಮಾತು. ಪಕ್ಕದ ಮನೆಯ ಮರದಲ್ಲಿದ್ದ ಒಂದನ್ನೂ ಹೋದ ವಾರವೇ ಮುಗಿಸಿದ್ದೆವು.

ಅತ್ತಿಗೆ ಹಣ್ಣುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ನನ್ನತ್ತ ತಿರುಗಿ ಕೇಳಿದರು: “ವೇದಾ, ಆ ಹಸಿಕಾಯಿಗೆ ಏನ್ ರುಚಿ ಇತ್ತು ಹೇಳು?”

ನೆನಪಿಸಿಕೊಂಡೆ. “ಅಂಥ ರುಚಿ ಏನೂ ಇರಲಿಲ್ಲ ಅತ್ತಿಗೆ.”

“ಇರ್ನಿಲ್ಲ ಅಲ್ವಾ? ಹುಳಿ, ಸಿಹಿ, ಖಾರ ಎಲ್ಲಾ ನಾವ್ ಹಾಕಿದ್ದು. ಅದರದ್ದು ಕರುಂ ಅನ್ನೋದೊಂದೇ.” ಅವರು ಎದ್ದು ನಿಂತಿದ್ದರು. “ಇಸ್ಕೂಲಲ್ಲಿ ನವಿಲುಕೋಸು ಹೆಚ್ಚೋವಾಗ ನನ್ ಕಣ್ ತಪ್ಪಿಸಿ ಮಕ್ಕಳು ಹಸೀದೇ ಕದ್ದು ಕಚ್ಚಿಕೊಂಡು ಓಡ್ತಾವೆ. ಕರುಂ ಕರುಂ ಅಂತ ಬಾಗಿಲಾಚೆಗೂ ಕೇಳ್ತೈತೆ. ಸುನಿ, ಬುಟ್ಟಿ ತಗೊ. ನಡಿ!”

ಹೋದದ್ದು ರಾಮಾಂಜಿನಮ್ಮನ ತೋಟಕ್ಕೆ. ಊರಾಚೆ ಬೋರ್‌ವೆಲ್ ನೀರಿನಲ್ಲಿ ತರಕಾರಿ ಬೆಳೆಯುವ ಆಕೆಯ ಮನೆಮಾತು ತೆಲುಗು. ಮಂಜಿನಲ್ಲಿ ಓಡಿಬಂದ ನಮ್ಮ ಮೂವರನ್ನು ಕಂಡು ಆಕೆ, “ಏಮಮ್ಮಾ, ಇಂತ ಪೊದ್ದುನ್ನೇ?” ಎಂದು ಕಣ್ಣು ಅಗಲಿಸಿದಳು. ಇಷ್ಟು ಬೆಳಿಗ್ಗೆಯೇ ಏನು ಬಂತೆಂದು ಆಕೆಯ ಪ್ರಶ್ನೆ. ಅತ್ತಿಗೆ ವಿಷಯ ಹೇಳಿದರು. ರಾಮಾಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

“ಹಸೀ ಕೋಸಾ? ಸ್ವಾಮಿಗಾ? ನಿಮ್ ಮಾವ ಸರಿಯಾಗೇ ಮಾಡಿದಾರೆ, ನಿಂಗೇ ತಲೆ ಕೆಟ್ಟಿರೋದು.”

“ಕೆಟ್ಟೈತೆ ಕಣಮ್ಮ, ಬೇಗ ಕೀಳು. ಎಳೇವು ನೋಡಿ ಕೀಳು.”

ಇಬ್ಬನಿಯಲ್ಲಿ ಒದ್ದೆಯಾದ ಎಳೆ ನವಿಲುಕೋಸು ಬುಟ್ಟಿ ತುಂಬಿದವು. ಅತ್ತಿಗೆ ಅಲ್ಲೇ ಒಂದನ್ನು ಸೆರಗಿಗೆ ಒರೆಸಿ, ಹಲ್ಲಿನಿಂದ ಸಿಪ್ಪೆ ಸುಲಿದು ಕಚ್ಚಿದರು. ಕಣ್ಣು ಮುಚ್ಚಿ ಅಗಿದರು. ನಾವು ಉಳಿದ ಮೂವರು ಹೆಂಗಸರು ಅವರ ಬಾಯನ್ನೇ ನೋಡುತ್ತಿದ್ದೆವು.

“ಒಸಿ ಕೋಸಿನ ಘಾಟು ಐತೆ. ಉಪ್ಪುನೀರಲ್ಲಿ ಹಾಕಿ ಹಿಂಡಿದ್ರೆ ಹೋಗ್ತದೆ.” ಕಣ್ಣು ತೆರೆದು ನಕ್ಕರು. “ಪರಂಗಿಗಿಂತ ಗಟ್ಟಿ ಕಣ್ರೇ!”

ಅಲ್ಲಿಂದ ಹನ್ನೊಂದರವರೆಗೆ ಆ ಮನೆಯಲ್ಲಿ ಯಾರೂ ನಡೆಯಲಿಲ್ಲ, ಎಲ್ಲರೂ ಓಡಿದರು. ನಾನು ಸಿಪ್ಪೆ ತೆಗೆದೆ, ಸುನಿತಾ ಕ್ಯಾರೆಟ್ಟು ತುರಿದಳು, ಅತ್ತಿಗೆ ಈಳಿಗೆಮಣೆಯ ಮುಂದೆ ಕುಳಿತು ಕೋಸನ್ನು ಕಡ್ಡಿಯಷ್ಟು ಸಣ್ಣಗೆ ಹೆಚ್ಚಿ ಉಪ್ಪುನೀರಿಗೆ ಬಿಟ್ಟರು. ಹುರುಳಿಕಾಯಿ, ಟೊಮೆಟೊ ಪಕ್ಕದಲ್ಲಿ ಸಾಲಾಗಿ ನಿಂತವು. ನಡುವೆ ವಿಹಾರದಿಂದ ಪಂಚಶೀಲದ ದನಿ ಕೇಳಿ ನಾವೂ ಕೈ ತೊಳೆದು ಓಡಿ, ಬಿಳಿ ಕಲ್ಲಿನ ಮೂರ್ತಿಗೆ ಹೂವಿಟ್ಟು, ಓಡಿ ಬಂದೆವು. ಸಾರಿಗೆ ಒಗ್ಗರಣೆ ಬಿತ್ತು. ಮಾತಿನಂತೆ ಎರಡನೆಯದೂ ಬಿತ್ತು. ಅಪ್ಪ ಜಗಲಿಯಿಂದಲೇ ಕಿವಿಗೊಟ್ಟು ಕೇಳಿ, “ಹ್ಞೂಂ, ಎರಡಾಯ್ತು” ಎಂದರು. ಖಾರದ ಸರದಿ ಬಂದಾಗ ಅತ್ತಿಗೆ ಕೈ ತಡೆದು, ಎತ್ತಿಕೊಂಡಿದ್ದ ಮೆಣಸಿನಕಾಯಿಗಳಲ್ಲಿ ಅರ್ಧವನ್ನು ಹಿಂದಕ್ಕೆ ಹಾಕಿದರು.

“ಯಾಕಮ್ಮ, ಅಷ್ಟೇನಾ?” ಎಂದರು ಅಪ್ಪ.

“ಹೊರದೇಶದೋರು ಮಾವ, ಪಾಪ. ತಡ್ಕಳಕ್ಕಾಗಲ್ಲ.”

ಹನ್ನೊಂದು ಕಳೆದ ಮೇಲೆ ಮುತ್ತುರಾಜ್ ಭಂತೇಜಿಯವರನ್ನು ಕರೆತಂದರು. ಅಗಲ ಮುಖದ, ನನ್ನಷ್ಟೇ ವಯಸ್ಸಿನ, ಕಾವಿಯ ಚೀವರದಲ್ಲಿ ಒಂದು ಭುಜ ತೆರೆದಿದ್ದ ಭಿಕ್ಷು. ನಡುಮನೆಯ ಚಾಪೆಯ ಮೇಲೆ ಕುಳಿತು ತಮ್ಮ ಕಪ್ಪು ಪಾತ್ರೆಯನ್ನು ಮುಂದಿಟ್ಟುಕೊಂಡರು. ಅದಕ್ಕೊಂದು ಅಗಲವಾದ ಮುಚ್ಚಳ; ಅದನ್ನು ಪಕ್ಕಕ್ಕಿಟ್ಟರು. ಬಾಗಿಲಲ್ಲಿ ಕಿಟಕಿಯಲ್ಲಿ ಕೇರಿಯ ಮುಖಗಳು.

ಅಪ್ಪ ಮುದ್ದೆ ಬಡಿಸಿದರು. ಪಾತ್ರೆಗೆ ಬಿತ್ತು. ಅಣ್ಣ ಸಾರು ಬಡಿಸಿದ, ಅದೇ ಪಾತ್ರೆಗೆ. ಅನ್ನ, ಅದೇ ಪಾತ್ರೆಗೆ. ಅತ್ತಿಗೆ ಆಗತಾನೇ ರಸ ಕೂಡಿಸಿ, ಕಡಲೆಬೀಜ ಉದುರಿಸಿ, ಎರಡೂ ಕೈಯಲ್ಲಿ ಬೋಗುಣಿ ಹಿಡಿದು ಬಂದು ಒಂದು ಸೌಟು ಬಡಿಸಿದರು. ಅದೂ ಅಲ್ಲಿಗೇ. ಅದರ ಮೇಲೆ ಸುನಿತಾಳ ಪಾಯಸ. ಕೊನೆಗೆ ಅಪ್ಪನ ಪರಂಗಿಹಣ್ಣಿನ ಹೋಳು. ಭಂತೇಜಿ ಕಣ್ಣು ತಗ್ಗಿಸಿ ಎಲ್ಲವನ್ನೂ ಒಟ್ಟಿಗೆ ಕಲಸತೊಡಗಿದರು.

“ಅತ್ತೆ,” ಸುನಿತಾ ನನ್ನ ತೋಳು ಹಿಂಡಿದಳು, “ಎಲ್ಲಾ ಕಲಸಿಬುಟ್ರು!”

ಮುತ್ತುರಾಜ್ ಮೆಲ್ಲಗೆ ಹೇಳಿದರು: “ಅವರದು ಹಂಗೇ ಕಣಮ್ಮ, ವ್ರತ. ನಾಲಿಗೆ ರುಚಿಗೆ ಉಣ್ಣಂಗಿಲ್ಲ. ಹೊಟ್ಟೆಗೆ ಮಾತ್ರ.”

“ರುಚೀನೇ ನೋಡಲ್ವಂತಾ?” ಅತ್ತಿಗೆಯ ದನಿ ಸಣ್ಣದಾಗಿತ್ತು. ಇಷ್ಟು ದಿನದ ಹುಳಿ, ಸಿಹಿ, ಕರುಂ ಎನ್ನುವ ಆ ಒಂದು ಗುಣ, ಎಲ್ಲವೂ ಪಾಯಸದಲ್ಲಿ ಮುಳುಗಿತ್ತು. ಅವರು ಬೋಗುಣಿಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದರು. ಭಂತೇಜಿ ಉಣ್ಣುವಾಗ ಮಾತಾಡುವುದಿಲ್ಲ. ಅವರ ಮುಖದಲ್ಲಿ ಓದಲು ಏನೂ ಇರಲಿಲ್ಲ.

ಎರಡನೆಯ ಸುತ್ತು ಬಂತು. ಅಪ್ಪ ಮುದ್ದೆ ತಂದರು. ಭಂತೇಜಿ ಪಾತ್ರೆಯ ಬಾಯಿಗೆ ಅಂಗೈ ಅಡ್ಡ ಹಿಡಿದರು. ಸಾಕು ಎಂದು ಅರ್ಥ. ಸಾರಿಗೂ ಅಂಗೈ. ಅನ್ನಕ್ಕೂ ಅಂಗೈ. ಪಾಯಸಕ್ಕೂ ಅಂಗೈ. ಹಣ್ಣಿಗೆ ಅಂಗೈ ಬಂದಾಗ ಅಪ್ಪ, “ಮೊದಲು ಒಂದು ತಗೊಂಡವ್ರೆ” ಎಂದು ಸುತ್ತಲಿದ್ದವರಿಗೆ ಸ್ಪಷ್ಟಪಡಿಸಿದರು.

“ಹೋಗಿ ಅತ್ತಿಗೆ,” ಎಂದೆ.

“ಬೇಡ ಬುಡು ವೇದಾ.”

“ಹೋಗಿ.”

ಅತ್ತಿಗೆ ಹೋಗಿ ಮುಂದೆ ಮಂಡಿಯೂರಿದರು. ಭಂತೇಜಿಯವರ ಕೈ ಪಾತ್ರೆಯ ಮೇಲೆಯೇ ಇತ್ತು. ಅವರು ಬೋಗುಣಿಯನ್ನು ನೋಡಿದರು. ಒಂದು ಕ್ಷಣ ಹಾಗೆಯೇ ಇದ್ದರು. ಆಮೇಲೆ ಆ ಕೈ ಅಲ್ಲಿಂದ ಎದ್ದು, ಪಕ್ಕದಲ್ಲಿದ್ದ ಮುಚ್ಚಳವನ್ನು ತೆಗೆದು, ಅಂಗಾತ ಮಾಡಿ, ತಟ್ಟೆಯಂತೆ ಅತ್ತಿಗೆಯ ಮುಂದೆ ಇಟ್ಟಿತು.

ಅತ್ತಿಗೆ ಬಡಿಸಿದರು. ಒಂದು ಸೌಟು. ಮುಚ್ಚಳ ಸರಿಯಲಿಲ್ಲ. ಇನ್ನೊಂದು ಸೌಟು. ಆಗ ಮುಚ್ಚಳ ಹಿಂದಕ್ಕೆ ಹೋಯಿತು. ಭಂತೇಜಿ ಅದನ್ನು ಯಾವುದರೊಂದಿಗೂ ಬೆರೆಸದೆ, ನಿಧಾನವಾಗಿ, ಬೇರೆಯಾಗಿ ಉಂಡರು. ಕರುಂ, ಕರುಂ ಎಂಬ ಸದ್ದು ಇಡೀ ನಡುಮನೆಗೆ ಕೇಳುತ್ತಿತ್ತು. ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಊಟ ಮುಗಿದು, ಆಶೀರ್ವಾದದ ಪಾಠವೂ ಮುಗಿದ ಮೇಲೆ ಭಂತೇಜಿ ಮುತ್ತುರಾಜ್‌ಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇದು ಪರಂಗಿಯಲ್ಲ, ಯಾವ ಕಾಯಿ ಎಂದು. ಸುನಿತಾ ಓಡಿಹೋಗಿ ಎಲೆಸಮೇತ ಒಂದು ನವಿಲುಕೋಸು ತಂದು ಮುಂದಿಟ್ಟಳು. ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅವರು ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ಆಮೇಲೆ ಇನ್ನೊಂದು ಮಾತು ಹೇಳಿದರು. ಮುತ್ತುರಾಜ್ ಅತ್ತಿಗೆಯತ್ತ ತಿರುಗಿದರು.

“ಅವರ ತಾಯಿ ಇದನ್ನ ಮಾಡ್ತಿದ್ರಂತೆ ಅಕ್ಕ. ತುಂಬ ವರ್ಷ ಆಯ್ತಂತೆ ಅವರು ಹೋಗಿ. ಇಂಗೇ ಇತ್ತಂತೆ. ಆದ್ರೆ...”

“ಆದ್ರೆ ಏನಪ್ಪ?”

“ಅವರಮ್ಮ ಇದಕ್ಕಿಂತ ಖಾರ ಹಾಕ್ತಿದ್ರಂತೆ.”

ಅಪ್ಪ ತೊಡೆ ತಟ್ಟಿಕೊಂಡರು. “ನಾ ಕೇಳಿರ್ನಿಲ್ವಾ, ಅಷ್ಟೇನಾ ಅಂತ? ನನ್ ಮಾತು ಯಾರ್ ಕೇಳ್ತಾರೆ ಈ ಮನೇಲಿ!”

“ನಿಮ್ ಮಾತು ಕೇಳಿದ್ರೆ ಅವರಿಗೆ ಪರಂಗಿಹಣ್ಣಿನ ಚಟ್ನಿ ಸಿಕ್ತಿತ್ತು, ಸುಮ್ನಿರಿ ಮಾವ,” ಎಂದರು ಅತ್ತಿಗೆ. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಅತ್ತಿಗೆ ನಗುತ್ತಲೇ ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡರು.

ಭಂತೇಜಿ ಹೊರಟ ಮೇಲೆ ನಾವೆಲ್ಲ ಉಂಡೆವು. ರಾಮಾಂಜಿನಮ್ಮನಿಗೂ ಒಂದು ಬಟ್ಟಲು ಹೋಯಿತು. ತೊಳೆದ ಬಟ್ಟಲಿನೊಂದಿಗೆ ಇನ್ನೂ ಮೂರು ನವಿಲುಕೋಸು ಹಿಂದಿರುಗಿ ಬಂದವು. ಸಂಜೆ ಪಾತ್ರೆ ಬೆಳಗುತ್ತ ಅತ್ತಿಗೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

“ನಾಳೆ ಇಸ್ಕೂಲಲ್ಲಿ ಅನ್ನ ಸಾಂಬಾರು, ವೇದಾ. ಗೋಡೆ ಮೇಲೆ ಬರೆದೈತೆ. ಪಕ್ಕದಾಗೆ ಒಂದೊಂದು ಚಮಚ ಇದನ್ನ ಇಟ್ರೆ ಗೋಡೆ ಏನು ಬೈತದಾ?”

“ಬೈಯಲ್ಲ ಅತ್ತಿಗೆ.”

“ಹೆಡ್‌ಮಾಸ್ಟ್ರನ್ನ ಒಂದ್ ಮಾತು ಕೇಳ್ತೀನಿ. ಆ ಕಳ್ಳ ಮಕ್ಕಳು ಇನ್ಮೇಲೆ ಕದೀದೆ ತಿನ್ಲಿ,” ಎಂದು ಮತ್ತೆ ಪಾತ್ರೆಗೆ ಕೈ ಹಾಕಿದರು. ಖಾರ ಎಷ್ಟು ಹಾಕಬೇಕೆಂದು ಯಾರನ್ನೂ ಕೇಳಲಿಲ್ಲ.

ಖರ್ಚು: ಪರಂಗಿಕಾಯಿ ನಾಲ್ಕಕ್ಕೆ ನೂರ ಅರವತ್ತು ರೂಪಾಯಿ, ಹಣ್ಣಾಗಿ ಸಂದಿತು. ಸೋಯಾ ಸಾಸ್ ಅರವತ್ತೈದು, ಮುಕ್ಕಾಲು ಬಾಟಲಿ ಉಳಿದಿದೆ. ಕ್ಯಾರೆಟ್ಟು ಮೂವತ್ತು, ಹುರುಳಿಕಾಯಿ ಇಪ್ಪತ್ತು, ಟೊಮೆಟೊ ಮೂವತ್ತು. ಒಟ್ಟು ಮುನ್ನೂರ ಐದು. ಕಡಲೆಬೀಜ, ಹುಣಸೆಹಣ್ಣು, ಬೆಲ್ಲ, ನಿಂಬೆಹಣ್ಣು, ಮೆಣಸಿನಕಾಯಿ ಮನೆಯವು. ನವಿಲುಕೋಸಿಗೆ ರಾಮಾಂಜಿನಮ್ಮ ಹಣ ಮುಟ್ಟಲಿಲ್ಲ. ಮಧುಗಿರಿಯಿಂದ ಬಸ್ಸಿಗೆ ನನ್ನದೂ ಸುನಿತಾಳದೂ ಸೊನ್ನೆ ಟಿಕೆಟ್ಟು.